ವಾಚಕರ ಚರಿತ್ರೆ: ಹಳೆಯ ಬೆಂಗಳೂರಿನಲ್ಲಿ ಓದಿನ ಪರಂಪರೆ

ಸಾಹಿತ್ಯ ಚರಿತ್ರೆಯೆಂದರೆ ಕವಿಗಳ ಕಾಲ, ದೇಶ, ಕೃತಿಗಳ ನಿರ್ಣಯವೆಂಬ ಭಾವನೆ ವಿದ್ವಾಂಸರಲ್ಲಿ ಬಹುಕಾಲದಿಂದ ನೆಲೆಯೂರಿದೆ. ಗ್ರಂಥವನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ದೊರೆತಿರುವ ಗಮನ, ಅದನ್ನು ಓದಿದವರು ಯಾರು, ಯಾರಿಗೆ ಓದಿ ಹೇಳಿದರು, ಯಾರ ಕೈಯಿಂದ ಯಾರ ಕೈಗೆ ಅದು ಸಂದಿತು ಎಂಬ ಪ್ರಶ್ನೆಗಳಿಗೆ ದೊರೆತಿಲ್ಲ. ಆದರೆ ರಚಿತವಾದ ಮಾತ್ರಕ್ಕೆ ಯಾವ ಗ್ರಂಥವೂ ಬಾಳುವುದಿಲ್ಲ. ತಾಳೆಗರಿಯ ಕಾಲದಲ್ಲಿ ಪ್ರತಿಕಾರನೊಬ್ಬನು ಕುಳಿತು ನಕಲು ಮಾಡದಿದ್ದರೆ ಎಷ್ಟೋ ಕಾವ್ಯಗಳ ಹೆಸರೂ ಉಳಿಯುತ್ತಿರಲಿಲ್ಲ. ಅಚ್ಚಿನ ಕಾಲದಲ್ಲಿಯೂ ಈ ನಿಯಮ ಬದಲಾಗಲಿಲ್ಲ. ತಂದೆ ತಾಯಿಗಳು ಮಕ್ಕಳಿಗೆ, ಹಿರಿಯ ಬರೆಹಗಾರರು ಕಿರಿಯರಿಗೆ, ಗೆಳೆಯರು ಗೆಳೆಯರಿಗೆ ಓದಿನ ರುಚಿಯನ್ನು ಹಂಚಿದುದರಿಂದಲೇ ಹೊಸಗನ್ನಡ ಸಾಹಿತ್ಯಕ್ಕೆ ವಾಚಕವರ್ಗವೊಂದು ಹುಟ್ಟಿತು. ಬೆಂಗಳೂರಿನ ಹಳೆಯ ಬಡಾವಣೆಗಳ ಕಳೆದ ನೂರು ಚಿಲ್ಲರೆ ವರ್ಷಗಳ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಕಿವಿಯ ಓದು

ಕನ್ನಡಿಗರಲ್ಲಿ ಓದು ಎಂಬುದು ಮೂಲತಃ ಒಬ್ಬಂಟಿಯ ಕೆಲಸವಾಗಿರಲಿಲ್ಲ. ಮನೆಯ ಜಗುಲಿಯಲ್ಲಿ, ದೇವಾಲಯದ ಪ್ರಾಕಾರದಲ್ಲಿ, ಮಠದ ಅಂಗಳದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರವರೆಲ್ಲ ಕುಳಿತು ಕೇಳುವುದು, ಇದೇ ರೂಢಿಯಾಗಿತ್ತು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಹೀಗೆಯೇ ನಾಡಿನ ಬಾಯಲ್ಲಿ ನಿಂತವು. 1369ರಲ್ಲಿ ಭೀಮಕವಿಯು ಪೂರೈಸಿದ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ ಮೊದಲಾದುವು ವೀರಶೈವ ಮಠಗಳಲ್ಲಿಯೂ ಮನೆಗಳಲ್ಲಿಯೂ ಶ್ರಾವಣಮಾಸದ ಪುರಾಣ ಪ್ರವಚನದ ಮೂಲಕ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದವು. ಒಂದಕ್ಷರವನ್ನೂ ಬರೆಯಬಾರದ ಅಜ್ಜಿಯೊಬ್ಬಳು ಪುರಾಣದ ಸಂಧಿಗಳನ್ನೇ ಬಾಯಿಪಾಠವಾಗಿ ಹೇಳುವ ದೃಶ್ಯ ಹಳೆಯ ಮನೆತನಗಳಲ್ಲಿ ಅಪರೂಪವಾಗಿರಲಿಲ್ಲ.

ಈ ವಾಚನ ಪದ್ಧತಿಯು ಅಕ್ಷರಸ್ಥರಿಗೂ ನಿರಕ್ಷರಿಗಳಿಗೂ ನಡುವೆ ಇದ್ದ ಗೋಡೆಯನ್ನು ತಕ್ಕಮಟ್ಟಿಗೆ ತಗ್ಗಿಸಿತು. ಓದಬಲ್ಲವನೊಬ್ಬನಿದ್ದರೆ ಮನೆಮಂದಿಯೆಲ್ಲ ಗ್ರಂಥದ ಪಾಲುದಾರರಾಗುತ್ತಿದ್ದರು. ಅಚ್ಚಿನ ಪುಸ್ತಕ ಬಂದ ಮೇಲೆ ಓದು ಮೌನವಾಗುತ್ತ, ಏಕಾಂತಕ್ಕೆ ಸರಿಯುತ್ತ ಹೋಯಿತು. ಪುಸ್ತಕಗಳ ಸಂಖ್ಯೆ ಹೆಚ್ಚಿತಾದರೂ ಹಂಚಿಕೊಂಡು ಓದುವ ಸಂದರ್ಭಗಳು ತಾವಾಗಿಯೇ ಒದಗುವಂತಿರಲಿಲ್ಲ. ಅವುಗಳನ್ನು ಬುದ್ಧಿಪೂರ್ವಕವಾಗಿ ಕಟ್ಟಬೇಕಾಯಿತು. ಹೊಸದಾಗಿ ಬೆಳೆಯುತ್ತಿದ್ದ ಬೆಂಗಳೂರು ನಗರವು ಈ ಕಟ್ಟುವಿಕೆಗೆ ಕ್ಷೇತ್ರವಾಯಿತು.

ಶೇಷಾದ್ರಿಯವರ ಹೆಸರಿನ ಮೂರು ಕುರುಹುಗಳು

1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಶೇಷಾದ್ರಿಪುರಂ ಬಡಾವಣೆಯು 1892ರಲ್ಲಿ ಅರಮನೆ ಗುಟ್ಟಹಳ್ಳಿ, ಮಲ್ಲೇಶ್ವರಗಳ ನಡುವೆ ಚಿಕ್ಕ ವಸತಿಯಾಗಿ ಮೊದಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಅನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಸಂಸಾರಗಳಿಗೆ ಆಶ್ರಯವಿತ್ತವು. ಸರಕಾರಿ ನೌಕರರು, ಉಪಾಧ್ಯಾಯರು, ವಕೀಲರು ಈ ಬಡಾವಣೆಗಳಲ್ಲಿ ನೆಲೆಸಿದರು. ಕನ್ನಡ ಪತ್ರಿಕೆಗಳಿಗೂ ಪುಸ್ತಕಗಳಿಗೂ ಚಂದಾದಾರರಾಗಿ ಒದಗಿದವರಲ್ಲಿ ಇಂಥ ಮಧ್ಯಮ ವರ್ಗದ ಸಂಸಾರಗಳು ಬಹಳ.

ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಗಣಿಗಾಗಿ ಉತ್ಪಾದಿಸಿದ ಈ ಶಕ್ತಿ ಕ್ರಮೇಣ ಮನೆಗಳನ್ನೂ ಹೊಕ್ಕು, ಎಣ್ಣೆಯ ದೀಪವನ್ನು ಉಳಿತಾಯದಿಂದ ಉರಿಸುತ್ತಿದ್ದ ಸಂಸಾರಗಳಲ್ಲಿ ಸಂಜೆಯ ಓದಿನ ಅವಧಿಯನ್ನು ವಿಸ್ತರಿಸಿತು. ವಾಚನದ ಇತಿಹಾಸದಲ್ಲಿ ದೀಪದ ಇತಿಹಾಸಕ್ಕೂ ಒಂದು ಸ್ಥಾನವಿದೆಯೆಂಬುದನ್ನು ಮರೆಯಲಾಗದು.

ಮೂರನೆಯ ಕುರುಹು ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1915ರಲ್ಲಿ ನಿರ್ಮಾಣಗೊಂಡ ಈ ಕೆಂಬಣ್ಣದ ಕಟ್ಟಡವು ಸಾರ್ವಜನಿಕ ಗ್ರಂಥಾಲಯಕ್ಕೆ ನೆಲೆಯಾಯಿತು. ದಿವಾನರೊಬ್ಬರ ಸ್ಮಾರಕವು ಪುಸ್ತಕಗಳ ಮನೆಯಾದುದು ಆ ಕಾಲದ ಮನೋಧರ್ಮವನ್ನು ಸೂಚಿಸುತ್ತದೆ. ಸ್ವಂತವಾಗಿ ಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಯೂ ಅಲ್ಲಿ ಕುಳಿತು ಓದುವ ಅವಕಾಶವುಂಟಾಯಿತು. ಶೇಷಾದ್ರಿಪುರಂನಲ್ಲಿಯೇ 1930ರಲ್ಲಿ ಇಬ್ಬರು ಮಹಿಳೆಯರು ಬೆರಳೆಣಿಕೆಯಷ್ಟು ಮಕ್ಕಳನ್ನು ಕೂಡಿಸಿಕೊಂಡು ಆರಂಭಿಸಿದ ಪ್ರಾಥಮಿಕ ಶಾಲೆಯು ಮುಂದೆ ಅನೇಕ ಶಾಲಾ ಕಾಲೇಜುಗಳ ಸಮೂಹವಾಗಿ ಬೆಳೆಯಿತು. ಬಡಾವಣೆ, ಬೆಳಕು, ಗ್ರಂಥಾಲಯ, ಶಾಲೆ, ಇವೆಲ್ಲವೂ ಓದಿಗೆ ಬೇಕಾದ ಬಾಹ್ಯ ಸಲಕರಣೆಗಳು. ಸಲಕರಣೆಗಳಿದ್ದ ಮಾತ್ರಕ್ಕೆ ಅಭಿರುಚಿ ಹುಟ್ಟುವುದಿಲ್ಲ. ಅದಕ್ಕೆ ಮನುಷ್ಯರ ಒಡನಾಟ ಬೇಕಾಗುತ್ತದೆ.

ತಂದೆ ಮತ್ತು ಮಗ

ಒಡನಾಟದಿಂದ ಅಭಿರುಚಿ ಬೆಳೆಯುವ ಬಗೆಗೆ ಬಸವನಗುಡಿಯ ಒಂದು ಮನೆತನ ಶ್ರೇಷ್ಠ ಉದಾಹರಣೆಯಾಗಿದೆ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅವರ ಪಾಂಡಿತ್ಯವೆಲ್ಲ ಸ್ವಾಧ್ಯಾಯದಿಂದಲೂ ವಿದ್ವಾಂಸರ ಸಹವಾಸದಿಂದಲೂ ಬಂದುದು. ಪತ್ರಿಕೋದ್ಯಮದಲ್ಲಿ ಜೀವನವನ್ನು ಸಾಗಿಸುತ್ತ ಸಂಸ್ಕೃತ, ಇಂಗ್ಲಿಷ್, ಕನ್ನಡ ಗ್ರಂಥಗಳನ್ನು ಅವರು ಆಳವಾಗಿ ವ್ಯಾಸಂಗ ಮಾಡಿದರು. ಪರೀಕ್ಷೆಯ ಬಾಗಿಲನ್ನು ದಾಟಲಾಗದ ಈ ವ್ಯಕ್ತಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು.

1924ರಲ್ಲಿ ಗುಂಡಪ್ಪನವರ ಪತ್ನಿ ಭಾಗೀರಥಮ್ಮನವರು ತೀರಿಕೊಂಡರು. 1918ರಲ್ಲಿ ಜನಿಸಿದ್ದ ಮಗ ಲಕ್ಷ್ಮೀನಾರಾಯಣ ಸ್ವಾಮಿಗೆ ಆಗ ಆರು ವರ್ಷ. ಗುಂಡಪ್ಪನವರು ಮತ್ತೆ ವಿವಾಹವಾಗಲಿಲ್ಲ. ಸ್ಥಿರವಾದ ಸಂಬಳವಿಲ್ಲದ, ತಾಯಿಯಿಲ್ಲದ ಆ ಮನೆಯಲ್ಲಿ ಧನಸಂಪತ್ತಿಗಿಂತ ಪುಸ್ತಕಗಳೂ ಮಾತುಕತೆಗೆ ಬರುವ ವಿದ್ವಾಂಸರೂ ಹೆಚ್ಚು. ಅಂಥ ಪರಿಸರದಲ್ಲಿ ಬೆಳೆದ ಹುಡುಗನು ತಂದೆಯ ಹಾದಿಯನ್ನು ಹಾಗೆಯೇ ಹಿಡಿಯಲಿಲ್ಲ. ಆತ ಆರಿಸಿಕೊಂಡುದು ಸಸ್ಯಶಾಸ್ತ್ರವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿಯೂ ಮುಂದೆ ಪ್ರಾಂಶುಪಾಲರಾಗಿಯೂ ದುಡಿದ ಡಾ. ಬಿ. ಜಿ. ಎಲ್. ಸ್ವಾಮಿಯವರು ಅಂತಾರಾಷ್ಟ್ರೀಯ ಖ್ಯಾತಿಯ ವಿಜ್ಞಾನಿಯೆನಿಸಿದರು.

ಆದರೆ ಬಾಲ್ಯದ ಓದಿನ ಸಂಸ್ಕಾರ ಅವರನ್ನು ಬಿಡಲಿಲ್ಲ. ಮರಗಿಡಗಳನ್ನು ಕುರಿತ ತಮ್ಮ ಅರಿವನ್ನು ಅವರು ಕನ್ನಡದ ಸಾಮಾನ್ಯ ವಾಚಕರ ಮುಂದಿಟ್ಟರು. ವಿದ್ಯಾರ್ಥಿಗಳೊಡನೆ ಕಾಡುಮೇಡುಗಳಲ್ಲಿ ಸುತ್ತಿದ ಅನುಭವ, ಗಿಡಗಳ ವಿವರ, ತಾವೇ ಬರೆದ ಚಿತ್ರಗಳು, ಹಾಸ್ಯ, ಹಳಗನ್ನಡ ಕಾವ್ಯದ ನೆನಪು, ಇವೆಲ್ಲವೂ ಸೇರಿದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಹನ್ನೊಂದು ವರ್ಷಗಳ ಹಿಂದೆ, 1967ರಲ್ಲಿ, ಅದೇ ಪ್ರಶಸ್ತಿಯು ತಂದೆಯವರ ‘ಶ್ರೀಮದ್ಭಗವದ್ಗೀತಾ ತಾತ್ಪರ್ಯ ಅಥವಾ ಜೀವನಧರ್ಮಯೋಗ’ಕ್ಕೆ ಸಂದಿತ್ತು. ಮಗನ ಪ್ರಶಸ್ತಿಯನ್ನು ನೋಡಲು ತಂದೆ ಇರಲಿಲ್ಲ. ಗುಂಡಪ್ಪನವರು 1975ರಲ್ಲಿಯೇ ನಿಧನ ಹೊಂದಿದ್ದರು. ಸ್ವಾಮಿಯವರೂ 1980ರಲ್ಲಿ ಅಕಾಲಿಕವಾಗಿ ತೀರಿಕೊಂಡರು.

ಈ ತಂದೆಮಕ್ಕಳ ಬರೆಹಗಳನ್ನು ಹೋಲಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಂದೆಯದು ಗಂಭೀರವಾದ ತತ್ತ್ವಚಿಂತನೆ, ಮಗನದು ಚುರುಕಾದ ವಿನೋದ. ತಂದೆಯದು ಧರ್ಮ ಮತ್ತು ರಾಜ್ಯಶಾಸ್ತ್ರ, ಮಗನದು ಬೇರು, ಎಲೆ, ಹೂವು. ಆದರೂ ತಾವು ಕಂಡ ಹಿರಿಯರ ಚಿತ್ರಗಳನ್ನು ಬರೆದಿಡುವ ಹವ್ಯಾಸ ಇಬ್ಬರಲ್ಲಿಯೂ ಸಮಾನ. ತಂದೆಯವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಿಗೆ ಮಗನ ‘ಪಂಚಕಳಶ ಗೋಪುರ’ ಉತ್ತರಾಧಿಕಾರಿಯಾಗಿ ನಿಲ್ಲುತ್ತದೆ. ಓದಿನ ಪ್ರೀತಿಯನ್ನು ಮಕ್ಕಳಿಗೆ ಕೊಡುವುದೆಂದರೆ ತಮ್ಮ ಅಭಿಪ್ರಾಯಗಳನ್ನು ಅವರ ಮೇಲೆ ಹೊರಿಸುವುದಲ್ಲ. ಮಗನಿಗೆ ಪುಸ್ತಕದ ಕಪಾಟು ತೆರೆದಿರಬೇಕು, ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಬೇಕು. ಕುವೆಂಪು ಅವರಿಗೆ 1955ರಲ್ಲಿಯೂ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರಿಗೆ 1987ರಲ್ಲಿಯೂ ಅದೇ ಅಕಾಡೆಮಿಯ ಪ್ರಶಸ್ತಿ ದೊರೆತುದನ್ನು ಇಲ್ಲಿ ನೆನೆಯಬಹುದು. ಅಲ್ಲಿಯೂ ಮಗನು ತಂದೆಯ ಶೈಲಿಯನ್ನು ಅನುಕರಿಸದೆ ತನ್ನದೇ ಆದ ದಾರಿಯನ್ನು ಕಂಡುಕೊಂಡನು.

ಮನೆಯಿಂದ ಗೋಷ್ಠಿಗೆ

ಗುಂಡಪ್ಪನವರು ಓದಿನ ಸುಖವನ್ನು ತಮ್ಮ ಮನೆಗೆ ಮಾತ್ರ ಸೀಮಿತಗೊಳಿಸಲಿಲ್ಲ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಅವರು ಗಮಕ ಶಿಕ್ಷಣಕ್ಕೆ ಒತ್ತು ಕೊಟ್ಟರು. ಜಗುಲಿಯ ಮೇಲಿನ ಕಾವ್ಯವಾಚನಕ್ಕೆ ಚಾಮರಾಜಪೇಟೆಯ ಪರಿಷನ್ಮಂದಿರದಲ್ಲಿ ಹೊಸದೊಂದು ಆಸರೆ ದೊರೆಯಿತು. ಹಳೆಯ ಕಾವ್ಯಗಳು ವಿದ್ವಾಂಸರ ಟಿಪ್ಪಣಿಗಳಲ್ಲಿ ಮಾತ್ರ ಉಳಿಯದೆ ಜನರ ಕಿವಿಗೆ ಮರಳಬೇಕೆಂಬುದು ಇದರ ಹಿಂದಿದ್ದ ಆಶಯ.

1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಗ್ರಂಥಾಲಯವೂ ಹೌದು, ಅಧ್ಯಯನ ಗೋಷ್ಠಿಯೂ ಹೌದು. ವಯಸ್ಸಿನ, ವೃತ್ತಿಯ ಭೇದವಿಲ್ಲದೆ ಆಸಕ್ತರು ಅಲ್ಲಿ ಒಟ್ಟಿಗೆ ಕುಳಿತು ಒಂದು ಗ್ರಂಥವನ್ನು ಓದಿ ಚರ್ಚಿಸುತ್ತಿದ್ದರು. ಪ್ರಶಸ್ತಿ ಪಡೆದ ‘ಜೀವನಧರ್ಮಯೋಗ’ವು ಈ ಗೋಷ್ಠಿಯಲ್ಲಿ ನಡೆದ ಉಪನ್ಯಾಸಗಳಿಂದಲೇ ರೂಪುಗೊಂಡಿತೆಂಬುದು ಗಮನಾರ್ಹವಾದ ಸಂಗತಿ. ಕೂಡಿ ಓದಿದುದರಿಂದ ಹೊಸ ಗ್ರಂಥವೊಂದು ಹುಟ್ಟಿತು, ಆ ಗ್ರಂಥವು ಮತ್ತಷ್ಟು ಓದುಗರನ್ನು ಕೂಡಿಸಿತು. 1970ರಲ್ಲಿ ಬೆಂಗಳೂರಿನಲ್ಲಿ ನಡೆದ ಸನ್ಮಾನದ ಸಂದರ್ಭದಲ್ಲಿ ತಮಗೆ ಅರ್ಪಿತವಾದ ನಿಧಿಯನ್ನು ಗುಂಡಪ್ಪನವರು ಈ ಸಂಸ್ಥೆಗೇ ಒಪ್ಪಿಸಿದರು.

ಬರೆಹಗಾರರ ಸ್ನೇಹ

ಬರೆಹಗಾರರು ಪರಸ್ಪರರ ಮೊದಲ ಓದುಗರಾಗಿದ್ದುದು ನವೋದಯ ಕಾಲದ ಒಂದು ವೈಶಿಷ್ಟ್ಯ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಆಶ್ರಯದಲ್ಲಿ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದಾಗ ಕನ್ನಡದಲ್ಲಿ ಬರೆಯುವ ತರುಣರು ಕೆಲವರೇ, ಓದುವವರು ಇನ್ನೂ ಕೆಲವರು. ವಿದ್ಯಾರ್ಥಿಗಳಿಂದ ಬರೆಸಿ, ತಿದ್ದಿ, ಅಚ್ಚು ಮಾಡಿಸಿ, ಆ ಸಂಚಿಕೆಗಳನ್ನು ಓದುವವರನ್ನೂ ಸಂಪಾದಿಸುವ ಹೊಣೆಯನ್ನು ಅಧ್ಯಾಪಕರೇ ಹೊತ್ತರು. ಮಹಾಭಾರತವನ್ನು ಸರಳವಾದ ಗದ್ಯಕ್ಕೆ ಇಳಿಸಿದ ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ವು ಮುಂದೆ ಅಸಂಖ್ಯ ಸಂಸಾರಗಳಲ್ಲಿ ಹಿರಿಯರಿಂದ ಮಕ್ಕಳವರೆಗೆ ಎಲ್ಲರೂ ಓದುವ ಮನೆಯ ಪುಸ್ತಕವಾಯಿತು.

ಅವರ ಆಪ್ತಮಿತ್ರರಾದ ಟಿ. ಎಸ್. ವೆಂಕಣ್ಣಯ್ಯನವರು ಬರೆದುದು ಕಡಿಮೆ, ಬರೆಯಿಸಿದುದು ಹೆಚ್ಚು. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿ ಶರಣ ಸಾಹಿತ್ಯಕ್ಕೆ ಉಪಕಾರ ಮಾಡಿದ ಈ ವಿದ್ವಾಂಸರ ಪ್ರೋತ್ಸಾಹವನ್ನು ಕುವೆಂಪು ಕೊನೆಯವರೆಗೂ ಸ್ಮರಿಸಿದರು. 1939ರಲ್ಲಿ ತೀರಿಕೊಂಡ ಗುರುವಿಗೆ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರು ಅರ್ಪಿಸಿದುದು ಸುವಿದಿತವಾಗಿದೆ. ವೆಂಕಣ್ಣಯ್ಯನವರ ತಮ್ಮಂದಿರಾದ ತ. ಸು. ಶಾಮರಾಯರು ಶಿವಶರಣರ ಕಥೆಗಳನ್ನು ಸಂಗ್ರಹಿಸಿ ನಿರೂಪಿಸುವ ಕಾರ್ಯದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದರು. ಅಣ್ಣನ ಆಸಕ್ತಿ ತಮ್ಮನ ವ್ಯಾಸಂಗವಾಗಿ ಮುಂದುವರಿದುದಕ್ಕೆ ಇದು ನಿದರ್ಶನ.

ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಸೇವೆಯೂ ಈ ಸಂದರ್ಭದಲ್ಲಿ ಉಲ್ಲೇಖಾರ್ಹ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಅದೇ ಸಮ್ಮೇಳನದಲ್ಲಿ ಬೇಂದ್ರೆಯವರು ವಾಚಿಸಿದ ಕವಿತೆಯು ನಾಡಿನ ಗಮನವನ್ನು ಸೆಳೆಯಿತು. ಅಲ್ಲಿಂದ ಮುಂದೆ ಬೆಳೆದ ಅವರಿಬ್ಬರ ಬಾಂಧವ್ಯವು ಅಣ್ಣತಮ್ಮಂದಿರ ಬಾಂಧವ್ಯದಂತಿತ್ತು. ಧಾರವಾಡದ ಮಿತ್ರರು ಹುಟ್ಟುಹಾಕಿದ್ದ ‘ಜೀವನ’ ಮಾಸಪತ್ರಿಕೆಯನ್ನು ಮಾಸ್ತಿಯವರು 1944ರಲ್ಲಿ ಬೆಂಗಳೂರಿಗೆ ತಂದು, ತಮ್ಮ ಹೊಣೆಯಲ್ಲಿಯೇ 1965ರವರೆಗೆ ನಡೆಸಿದರು. ಒಳ್ಳೆಯ ಕಥೆಗಾರನೊಬ್ಬನು ತನ್ನ ಬರವಣಿಗೆಯ ಸಮಯವನ್ನು ಎರಡು ದಶಕಗಳ ಕಾಲ ಇತರರ ಬರವಣಿಗೆಯನ್ನು ಓದುವುದಕ್ಕೂ ಪ್ರಕಟಿಸುವುದಕ್ಕೂ ವಿನಿಯೋಗಿಸುವುದು ಸಾಮಾನ್ಯ ತ್ಯಾಗವಲ್ಲ.

ಮಕ್ಕಳ ಪಾಲು

ಹಿರಿಯರ ಗೋಷ್ಠಿಗಳು ಎಷ್ಟೇ ಸಮೃದ್ಧವಾಗಿದ್ದರೂ ಸ್ತ್ರೀಯರಿಗೂ ಮಕ್ಕಳಿಗೂ ಅವುಗಳಲ್ಲಿ ದೊರೆತ ಪಾಲು ಅಲ್ಪ. ಈ ಕೊರತೆಯನ್ನು ಮನಗಂಡವರಲ್ಲಿ ಆರ್. ಕಲ್ಯಾಣಮ್ಮನವರು ಅಗ್ರಗಣ್ಯರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ಅವರು ವಿದ್ಯೆಯ ಆಶ್ರಯದಿಂದ ಬದುಕನ್ನು ಕಟ್ಟಿಕೊಂಡರು. ತಮಗೆ ಒದಗಿದ ಆಶ್ರಯವನ್ನು ಇತರರಿಗೂ ತೆರೆದರು. 1921ರಲ್ಲಿ ಅವರು ಆರಂಭಿಸಿದ ‘ಸರಸ್ವತಿ’ ಮಾಸಪತ್ರಿಕೆಯು ನಾಲ್ಕು ದಶಕಗಳ ಕಾಲ ಮನೆಯೊಳಗಿನ ಹೆಣ್ಣುಮಕ್ಕಳ ಕೈಗೆ ತಿಂಗಳಿಗೊಮ್ಮೆ ಓದನ್ನು ತಲುಪಿಸಿತು. 1938ರಲ್ಲಿ ಅವರು ಸ್ಥಾಪಿಸಿದ ಅಖಿಲ ಕರ್ನಾಟಕ ಮಕ್ಕಳ ಕೂಟವು ಚಾಮರಾಜಪೇಟೆಯಲ್ಲಿ ಮಕ್ಕಳಿಗೆ ಕಥೆ, ಹಾಡು, ನಾಟಕ, ಪುಸ್ತಕಗಳ ನೆಲೆಯಾಯಿತು. ಸ್ವಂತ ಮಕ್ಕಳಿಲ್ಲದ ತಾಯಿಯೊಬ್ಬರು ಊರಿನ ಮಕ್ಕಳಿಗೆಲ್ಲ ಓದಿನ ರುಚಿ ಹಚ್ಚಿದ ಈ ಪ್ರಸಂಗವು ವಾಚಕರ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯಕ್ಕೆ ಅರ್ಹವಾಗಿದೆ.

ಜಿ. ಪಿ. ರಾಜರತ್ನಂ ಅವರದು ಇನ್ನೊಂದು ಬಗೆಯ ಸಾಧನೆ. ಮಕ್ಕಳಿಗಾಗಿ ಅವರು ರಚಿಸಿದ ತುತ್ತೂರಿಯ ಪದ್ಯವೇ ಮೊದಲಾದ ಶಿಶುಗೀತೆಗಳು ಕನ್ನಡದ ಮನೆಮನೆಯ ತೊಟ್ಟಿಲ ಬಳಿಗೆ ತಲುಪಿದವು. ಕನ್ನಡ ಅಧ್ಯಾಪಕರಾಗಿ ಅವರು ವಿದ್ಯಾರ್ಥಿಗಳ ಬರೆಹಗಳನ್ನು ಪ್ರಕಟಿಸಿದರು, ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಇದಕ್ಕೆ ಮುಂಚೆ ಉತ್ತರ ಕರ್ನಾಟಕದಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಗ್ರಂಥಗಳ ಗಂಟನ್ನು ಹೊತ್ತು ಊರೂರು ತಿರುಗಿದ್ದರು. ಪುಸ್ತಕ ಮಾರುವುದು ವಿದ್ವಾಂಸನ ಘನತೆಗೆ ಕುಂದೆಂಬ ಭಾವನೆಯನ್ನು ಇವರಿಬ್ಬರೂ ಲೆಕ್ಕಿಸಲಿಲ್ಲ. ವಿದ್ಯಾರ್ಥಿಯ ಕೈಗೆ ಪುಸ್ತಕವನ್ನಿಡುವವರೆಗೆ ಅಧ್ಯಾಪಕನ ಕೆಲಸ ಮುಗಿಯದೆಂಬುದು ರಾಜರತ್ನಂ ಅವರ ನಡೆಯಿಂದ ತಿಳಿದುಬರುತ್ತದೆ.

ವಚನಗಳ ಪುನರ್ವಾಚನ

ಬೆಂಗಳೂರಿನಲ್ಲಿ ಇವೆಲ್ಲ ನಡೆಯುತ್ತಿದ್ದ ಕಾಲದಲ್ಲಿಯೇ ವಿಜಾಪುರದಲ್ಲಿ ಡಾ. ಫ. ಗು. ಹಳಕಟ್ಟಿಯವರು ಇದಕ್ಕೆ ಸಮಾನಾಂತರವಾದ ತಪಸ್ಸನ್ನು ಕೈಗೊಂಡಿದ್ದರು. ಅವರ ಜೀವನದಲ್ಲಿಯೂ ಮನೆಯ ಓದಿನ ಪ್ರಭಾವವನ್ನು ಗುರುತಿಸಬಹುದು. ತಂದೆ ಗುರುಬಸಪ್ಪನವರು ಧಾರವಾಡದಲ್ಲಿ ಶಿಕ್ಷಕರೂ ಲೇಖಕರೂ ಆಗಿದ್ದವರು. ಮಗನು ವಕೀಲಿ ವೃತ್ತಿಯನ್ನು ಹಿಡಿದರೂ ಮನೆಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ, ಓದಿಗೆ ದೊರೆಯದಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿದನು. 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು. ಇರುವ ಮನೆಯನ್ನು ಮಾರಿ 1925ರಲ್ಲಿ ಅವರು ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಮೊದಲಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವವೂ ಅವರಿಗೆ ಸಂದಿತು.

ಜಗುಲಿಯ ಮೇಲೆ ಇಟ್ಟು ಪೂಜಿಸುವ ಕಟ್ಟು ಪವಿತ್ರವೇ ಆದರೂ ಬಿಚ್ಚಿ ಓದದಿದ್ದರೆ ಹುಳುವಿನ ಪಾಲಾಗುತ್ತದೆ. ವಚನಗಳು ನಾಡಿಗೆಲ್ಲ ಸೇರಿದ ಸಂಪತ್ತಾದುದು ಅವುಗಳನ್ನು ಬಿಚ್ಚಿ, ಓದಿ, ಅಚ್ಚುಮಾಡಿ, ಹಂಚಿದ ಮೇಲೆ. ಹಳಕಟ್ಟಿಯವರು ಗುರುತಿಸಿದ ಈ ಸತ್ಯವು ಎಲ್ಲ ಗ್ರಂಥಗಳಿಗೂ ಅನ್ವಯಿಸತಕ್ಕದ್ದಾಗಿದೆ.

ಉಪಸಂಹಾರ

1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೂಲಕ ನಗರಗಳ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ಸೇರಿ, ಬಡಾವಣೆಗಳಲ್ಲಿ ಶಾಖಾ ಗ್ರಂಥಾಲಯಗಳು ತೆರೆದವು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನವು ರಾಜ್ಯ ಕೇಂದ್ರ ಗ್ರಂಥಾಲಯದ ನೆಲೆಯಾಯಿತು. ಪುಸ್ತಕವು ಪ್ರಜೆಯ ಹಕ್ಕೆಂದು ಕಾನೂನು ಒಪ್ಪಿಕೊಂಡುದು ದೊಡ್ಡ ಸಂಗತಿಯೇ ಸರಿ. ಆದರೆ ಕಾನೂನು ಕಟ್ಟಡವನ್ನು ಕೊಡಬಲ್ಲದು, ಕಪಾಟನ್ನು ತುಂಬಬಲ್ಲದು. ಮಗುವಿನ ಕೈಹಿಡಿದು ಆ ಬಾಗಿಲವರೆಗೆ ಕರೆತರುವ ಕೆಲಸ ಮನೆಯವರದಾಗಿ ಉಳಿಯುತ್ತದೆ.

ಮೇಲೆ ಹೇಳಿದ ಮಹನೀಯರಲ್ಲಿ ಯಾರೂ ಓದಿನ ಮಹಿಮೆಯನ್ನು ಬರಿಯ ಉಪದೇಶದಿಂದ ಹರಡಲಿಲ್ಲ. ಗುಂಡಪ್ಪನವರು ಕೂಡಿ ಕುಳಿತು ಓದಿದರು. ಮಾಸ್ತಿಯವರು ಇತರರ ಬರೆಹವನ್ನು ಓದಿ ಅಚ್ಚಿಗೆ ಕಳಿಸಿದರು. ಕಲ್ಯಾಣಮ್ಮನವರು ಮಕ್ಕಳನ್ನು ಒಂದೆಡೆ ಸೇರಿಸಿದರು. ರಾಜರತ್ನಂ ಪುಸ್ತಕವನ್ನು ಹೊತ್ತು ನಡೆದರು. ಹಳಕಟ್ಟಿಯವರು ಮನೆಯನ್ನೇ ಮಾರಿದರು. ಇವರೆಲ್ಲರೂ ತಮ್ಮ ವೇಳೆಯನ್ನೋ, ಶ್ರಮವನ್ನೋ, ಹಣವನ್ನೋ ಇನ್ನೊಬ್ಬರ ಓದಿಗಾಗಿ ಕೊಟ್ಟವರು. ಕಣ್ಣಿಗೆ ಬೇಕಾದ ಬರೆಹವೆಲ್ಲ ಅಂಗೈಯ ಯಂತ್ರದಲ್ಲಿಯೇ ಮೂಡುವ ಈ ದಿನಗಳಲ್ಲಿ ಪುಸ್ತಕದ ಅಭಾವವೆಂಬ ಹಳೆಯ ತೊಂದರೆ ಬಹುಮಟ್ಟಿಗೆ ನೀಗಿದೆ. ಒಟ್ಟಿಗೆ ಕುಳಿತು ಓದುವ ವೇಳೆಯ ಅಭಾವ ಮಾತ್ರ ಹೆಚ್ಚಿದೆ. ಶೇಷಾದ್ರಿಪುರಂ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಅವುಗಳ ಜಗುಲಿಗಳನ್ನು ಉಳಿಸಿಕೊಳ್ಳುವುದು ಸಾಧ್ಯವಾಗದಿರಬಹುದು. ಆ ಜಗುಲಿಗಳ ಮೇಲೆ ದಿನಕ್ಕೊಂದು ಗಳಿಗೆ ನಡೆಯುತ್ತಿದ್ದ ಓದನ್ನು ಉಳಿಸಿಕೊಳ್ಳುವುದಕ್ಕೆ ಮನೆಯಲ್ಲಿ ಒಬ್ಬ ಓದುವವರು, ಒಬ್ಬ ಕೇಳುವವರು ಇದ್ದರೆ ಸಾಕು.